ಸುಣ್ಣದ ಗೆರೆ

— ಏನೋ ಮಾಸ್ತರ, ಕುಂಟ್ಲಾಕತ್ತೀ? ಬೈಕಿನ ಮ್ಯಾಲಿಂದ ಬಿದ್ದಿ ಏನು?

— ಬಿದ್ದಿಲ್ಲ. ಓಡೀನಿ.

— ಬೆನ್ನ ಹತ್ತಿದವ್ರು ಯಾರು? ನಾಯೋ, ಬ್ಯಾಂಕಿನವ್ರೋ?

— ಯಾರೂ ಹತ್ತಿಲ್ಲ. ಭಾನುವಾರ ಅಫಜಲಪುರದಾಗ ರಸ್ತೆ ಓಟ ಇತ್ತು, ಹತ್ತು ಕಿಲೋಮೀಟರಿಂದು. ಜೇವರ್ಗಿಯಿಂದ ನಸುಕಿನ ನಾಲ್ಕಕ್ಕ ಬೈಕ್ ಹತ್ತಿ ಹೋದೆ. ಮಫ್ಲರ್ ಸುತ್ತಿದ್ರೂ ಥಂಡಿಗೆ ಕಣ್ಣಾಗ ನೀರು.

— ಭಾನುವಾರ ಓಡಿದ್ದಕ್ಕ ಮಂಗಳವಾರದ ತನಾ ಕುಂಟೂದು?

— ಅದರ ಕಾಯಿದೆನೇ ಹಂಗ. ಓಡಿದ ದಿನ ಹುರುಪಿನಾಗ ಏನೂ ಗೊತ್ತಾಗಂಗಿಲ್ಲ. ಮರುದಿನ ತೊಡಿ ಬಿಗೀತದ. ಎರಡನೇ ದಿನ ಅಸಲಿ ನೋವು. ಮೆಟ್ಟಲ ಹತ್ತೂದು ನಡೀತದ, ಇಳಿಯೂದು ಆಗಂಗಿಲ್ಲ. ಬೆಳಿಗ್ಗೆ ಮನ್ಯಾಗ ಗ್ವಾಡಿ ಹಿಡಕೊಂಡು ಹಿಂದಕ್ಕ ತಿರುಗಿ ಇಳಿದೀನಿ, ಸಣ್ಣ ಕೂಸು ಇಳಿದಂಗ. ಅದಿರ್ಲಿ, ನಿನ್ನ ತೊಗರಿ ಏನಾಯ್ತು?

— ಕಲಬುರಗಿ ಗಂಜಿನಾಗ ಚೀಲ ಇಳಿಸಿ ಬಂದೀನಿ, ಸೌದಾ ಮಧ್ಯಾಹ್ನಕ್ಕ. ಆಳಂದದಿಂದ ಬರೂದ್ರಾಗ ಟೆಂಪೋದವ ಎರಡು ಸಲ ಚಾ ಕುಡಿಸಿದ. ಇನ್ನೊಂದು ನೀ ಕುಡಿಸು. ಕೂಡ್ರು, ಇಲ್ಲೇ ಕೂಡ್ರು, ಮೆಟ್ಟಲ ಇಲ್ಲ. ವಯಸ್ಸೆಷ್ಟೋ ನಿನಗ?

— ನಾಲ್ವತ್ತಾರು.

— ಮತ್ತ ಬಂತೇನು ಬಹುಮಾನ?

— ಐವತ್ಮೂರು ಮಂದಿ ಗಂಡಸರು ಮುಗಿಸಿದ್ರು. ನಾ ನಾಲ್ವತ್ತೊಂದನೇದವ. ಒಂದು ತಾಸು ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು.

— ಅಂದ್ರ ನಿನ್ನ ಹಿಂದ ಹನ್ನೆರಡು ಮಂದಿ ಇದ್ರು ಅಂತ ಹೇಳ್ಲಾಕ ಇಷ್ಟ ಸುತ್ತಿದಿ. ಪೋಸ್ಟರಿನಾಗ ‘ಮ್ಯಾರಥಾನ್’ ಅಂತ ಬರೆದಿರ್ಬೇಕು?

— ಅದೇನ್ ಬಿಡ್ತಾರ? ನಮ್ಮ ಕಡಿ ತಹಸೀಲ್ ಕಚೇರಿಯಿಂದ ಬಸ್‌ಸ್ಟ್ಯಾಂಡಿನ ತನಾ ಬ್ಯಾನರ್ ಹಿಡಕೊಂಡು ಹೋದ್ರೂ ಮ್ಯಾರಥಾನೇ. ಖರೆ ಮ್ಯಾರಥಾನ್ 42.195 ಕಿಲೋಮೀಟರ್. ಆ ಕೊನೀ 195 ಮೀಟರ್ ಎಲ್ಲಿಂದ ಬಂತು ಗೊತ್ತದ ಏನು? 1908ರ ಲಂಡನ್ ಒಲಿಂಪಿಕ್ಸಿನಾಗ ವಿಂಡ್ಸರ್ ಅರಮನಿ ಮುಂದ ಸುರು ಮಾಡಿ, ಮೈದಾನದಾಗ ರಾಜಮನೆತನದವ್ರು ಕೂತ ಕಟ್ಟಿ ಮುಂದ ಮುಗಿಸಿದ್ರು. ಅದೇ ಅಳತಿ ಮುಂದ 1921ರಾಗ ಕಾಯಂ ಆಯ್ತು.

— ದೊಡ್ಡವ್ರ ಕುರ್ಚಿ ಎಲ್ಲಿ ಇರ್ತದೋ ಅಲ್ಲಿ ತನಾ ಬಡವ ಓಡ್ಬೇಕು. ನಿಮ್ಮಲ್ಲಿ ಕುರ್ಚಿ ಇದ್ವೋ ಇಲ್ಲೋ?

— ಇದ್ವು, ಖಾಲಿ ಇದ್ವು. ಆರಕ್ಕ ಓಟ ಅಂದಿದ್ರು. ಮುಖ್ಯ ಅತಿಥಿ ಬಂದದ್ದು ಏಳೂ ಹತ್ತಕ್ಕ. ಆಮ್ಯಾಲೆ ಆರೋಗ್ಯವೇ ಭಾಗ್ಯ ಅಂತ ಇಪ್ಪತ್ತು ನಿಮಿಷ ಭಾಷಣ. ಮೈ ಬೆಚ್ಚಗ ಮಾಡಿಕೊಂಡು ನಿಂತ ಹುಡುಗರು ಮತ್ತ ತಣ್ಣಗಾಗಿ, ಸ್ವೆಟರ್ ಹಾಕ್ಕೊಂಡು, ಮತ್ತ ತೆಗದ್ರು. ಬಿಡು, ಆ ಮಾತು ಎಲ್ಲಾ ಊರಿಂದೂ ಒಂದೇ. ನನಗ ಹೇಳಬೇಕಾದದ್ದು ಆ ಹುಡುಗರ ವಿಷಯ.

— ಹೇಳು.

— ಪಿಸ್ತೂಲ್ ಇರ್ಲಿಲ್ಲ, ಸೀಟಿ ಊದಿದ್ರು. ಊದಿದ್ದೇ ತಡ, ನನ್ನ ಸುತ್ತ ಇದ್ದ ಹುಡುಗರೆಲ್ಲಾ ಮಾಯ. ಕವಣಿ ಕಲ್ಲು ಹೊಡದಂಗ ಹೋದ್ರು. ನಾ ಎಂಟು ತಿಂಗಳಿಂದ ಜೇವರ್ಗಿ ರಸ್ತಿ ಮ್ಯಾಲೆ ನಸುಕಿನಾಗ ಓಡಿ, ಕಿಲೋಮೀಟರಿಗೆ ಆರೂವರಿ ನಿಮಿಷ ಅಂತ ಲೆಕ್ಕಾ ಹಾಕಿ ಬಂದವ. ಒಂದು ನಿಮಿಷದಾಗ ರಸ್ತಿ ಮ್ಯಾಲೆ ನಾನು, ನನ್ನ ಹಿಂದ ಆಂಬುಲೆನ್ಸು. ಅದರ ಡ್ರೈವರ್ ಗೇರು ಬದಲಿಸೂದು ಕೇಳಸ್ತಿತ್ತು. ಅವ ಪಾಪ ಎರಡನೇ ಗೇರಿಗೂ ಹೋಗದಂಗ ನಾ ಓಡ್ಲಾಕತ್ತಿದ್ದೆ.

— ಹ್ಹಹ್ಹ! ಆಮ್ಯಾಲೆ?

— ಆಮ್ಯಾಲೆ ಎರಡನೇ ಕಿಲೋಮೀಟರ್ ಕಲ್ಲು. ಅಲ್ಲಿ ನೋಡಿದ್ರ ರಸ್ತಿ ಎಡಕ್ಕ ಐದು ಮಂದಿ, ಬಲಕ್ಕ ಏಳು ಮಂದಿ, ಸೊಂಟದ ಮ್ಯಾಲೆ ಕೈ ಇಟಗೊಂಡು ನಡೀಲಾಕತ್ತಾರ. ಒಬ್ಬ ಕಲ್ಲಿನ ಮ್ಯಾಲೇ ಕೂತಾನ. ಏನಾಯ್ತಪ್ಪಾ ಅಂದ್ರ, ‘ಸರ್, ನಮ್ದು ಒಂದೂವರಿ ಕಿಲೋಮೀಟರಿನ ಗಾಡಿ, ಅದಕ್ಕಿಂತ ಮುಂದ ಡೀಸೆಲ್ ಇಲ್ಲ’ ಅಂದ.

— ಒಂದೂವರಿ ಅಲ್ಲ, 1600 ಮೀಟರ್.

— ಹಾಂ, ಅದೇ. ನಿನಗ ಹೆಂಗ ಗೊತ್ತು?

— ಗೊತ್ತಿರಲಾರದೇನು, ಊರ ತುಂಬ ಅದೇ ಮಾತು. ಆಳಂದದಾಗ ನಸುಕಿನಾಗ ಎದ್ದು ನೋಡು, ಹೊಲದ ದಾರಿ ಮ್ಯಾಲೆಲ್ಲಾ ಅವರೇ. ಪೊಲೀಸ್ ಕಾನ್‌ಸ್ಟೆಬಲ್ ಆಗ್ಬೇಕಂದ್ರ ಗಂಡು ಹುಡುಗ 1600 ಮೀಟರ್ ಆರೂವರಿ ನಿಮಿಷದಾಗ ಮುಗಿಸ್ಬೇಕು. ಹೆಣ್ಣು ಹುಡುಗಿಗೆ 400 ಮೀಟರ್, ಎರಡು ನಿಮಿಷ. ಮಿಲಿಟರಿದ್ದು ಇನ್ನೂ ಬಿಗಿ, ಐದೂವರಿ ನಿಮಿಷದೊಳಗ ಬಂದ್ರ ಪೂರ್ತಿ ಅಂಕ. ಸಂವಿಧಾನದ 371(ಜೆ) ಒಳಗ ನಮ್ಮ ಭಾಗಕ್ಕ ಬ್ಯಾರೆ ಹುದ್ದೆ ಅದಾವ ಅಂತ ಪ್ರತಿಯೊಬ್ಬ ಹುಡುಗನಿಗೂ ಆಸೆ. 1700 ಮೀಟರ್ ಓಡು ಅಂದ್ರ ಅವರಿಗೆ ಕಾರಣ ಇಲ್ಲ. ನೂರು ಮೀಟರ್ ವೇಸ್ಟ್.

— ಅಲ್ಲಿ ತಪ್ಪೋದೇ ಅದು. 1600ನ್ನ ಆರೂವರಿಯಾಗ ಮುಗಿಸೋ ವೇಗ ಕಿಲೋಮೀಟರಿಗೆ ನಾಲ್ಕು ನಿಮಿಷ ನಾಲ್ಕು ಸೆಕೆಂಡು. ಅದೇ ವೇಗ ಹತ್ತು ಕಿಲೋಮೀಟರ್ ಹಿಡದ್ರ ನಾಲ್ವತ್ತೊಂದು ನಿಮಿಷದೊಳಗ ಬರ್ಬೇಕು. ಹಿಡೀಲಾಕ ಆಗಂಗಿಲ್ಲ. ಮೈಯಾಗ ಉಸಿರಿಗಿಂತ ಜಾಸ್ತಿ ಖರ್ಚು ಮಾಡಿದ್ದು ಸಾಲ ಇದ್ದಂಗ. 1600 ಓಡೋವನಿಗೆ ಸಾಲ ತೀರಿಸೋ ಹೊತ್ತಿಗೆ ಗೆರೆ ಬಂದಿರ್ತದ. ಹತ್ತು ಕಿಲೋಮೀಟರಿನವನಿಗೆ ಇನ್ನೂ ಎಂಟು ಇರ್ತದ.

— ಮಾಸ್ತರ ನೀ, ಸಾಲದ ಲೆಕ್ಕ ನನಗ ಹೇಳಬ್ಯಾಡ. 1600 ಆದ್ರೂ ಹಂಗೇ. ಮೊದಲನೇ ಸುತ್ತು ತಡಕೊಂಡು ಓಡ್ಬೇಕು. ನಾಲ್ಕು ಸುತ್ತಿನಾಗ ಮೂರನೇದೇ ಕೊಲ್ಲೂದು. ಮೊದಲನೇದರಾಗ ಹುರುಪು, ಕೊನೇದರಾಗ ಗೆರೆ ಕಾಣಸ್ತದ. ಮೂರನೇದರಾಗ ಏನೂ ಇರಂಗಿಲ್ಲ.

— ಎಲಾ ಇವನ! ಕೋಚ್ ಆಗಿ ಬಿಟ್ಟಿ.

— ನೀ ಮುಂದ ಹೇಳು. ರಸ್ತಿ ಯಾವುದು?

— ಘತ್ತರಗಿ ಕಡಿ ಹೋಗಿ ಐದು ಕಿಲೋಮೀಟರಿಗೆ ತಿರುಗಿ ಬರೂದು. ನೋಡ್ಲಾಕ ಸಪಾಟ. ಓಡಿದ್ರ ಗೊತ್ತಾಗ್ತದ, ಸಪಾಟ ಅಲ್ಲ. ಎರೆಮಣ್ಣಿನ ಮ್ಯಾಲಿನ ಡಾಂಬರು ನಿನಗ ಗೊತ್ತಲ್ಲ. ಮಳಿಗಾಲದಾಗ ಮಣ್ಣು ನೀರು ಕುಡದು ಉಬ್ಬತದ, ಬ್ಯಾಸಿಗ್ಯಾಗ ಕುಗ್ಗಿ ಬಿರೀತದ. ಮ್ಯಾಲಿನ ರಸ್ತಿ ಅದರ ಕೂಡ ಏರಿ ಇಳಿದು ಅಲಿ ಅಲಿ ಆಗ್ತದ. ಬೈಕಿಗೆ ಅದು ಜೋಕಾಲಿ. ಕಾಲಿಗೆ ಪ್ರತಿ ಹೆಜ್ಜಿನೂ ಬ್ಯಾರೆ ಬ್ಯಾರೆ ಎತ್ತರ. ರಸ್ತಿ ಅಂಚಿಗಂತೂ ಬಿರುಕು, ಒಂದರಾಗ ನನ್ನ ಅಂಗೈ ಹಾಯ್ತಿತ್ತು. ನಡು ರಸ್ತಿಗೆ ಬಂದ್ರ ಹಾವಳಗಾ ಫ್ಯಾಕ್ಟರಿ ಕಡಿ ಹೋಗೋ ಕಬ್ಬಿನ ಟ್ರ್ಯಾಕ್ಟರು, ಹಿಂದ ಎರಡೆರಡು ಟ್ರಾಲಿ, ಮುಂದ ಎರಡು ದೊಡ್ಡ ಸ್ಪೀಕರು. ಆ ಹಾಡಿಗೆ ನನ್ನ ಹೆಜ್ಜಿ ಎರಡು ಫರ್ಲಾಂಗ್ ಕೂಡಿ ಬಿದ್ದು, ಟ್ರ್ಯಾಕ್ಟರ್ ಮುಂದ ಹೋದ ಮ್ಯಾಲೆ ತಾಳ ತಪ್ಪಿತು.

— ಎರಡೂ ಕಡಿ ತೊಗರಿ?

— ಎಡಕ್ಕ ತೊಗರಿ, ಕೊಯ್ಯೋ ಹಂಗಾಗಿತ್ತು. ಬಲಕ್ಕ ಬಿಳಿಜ್ವಾಳ, ತೆನಿ ಹಿಡದಿದ್ದು. ಎಳ್ಳಮಾವಾಸಿ ಆಗಿ ನಾಲ್ಕು ದಿನ ಆಗಿತ್ತು. ಹೊಲದಾಗ ಚರಗ ಚೆಲ್ಲಿದ್ದು, ಐದು ಕಲ್ಲು ಇಟ್ಟು ಕೊಂಪಿ ಕಟ್ಟಿದ್ದು ಇನ್ನೂ ಹಂಗೇ ಇತ್ತು. ನನ್ನ ಹೊಟ್ಟ್ಯಾಗೂ ಆ ಸಜ್ಜಿ ರೊಟ್ಟಿ, ಭಜ್ಜಿಪಲ್ಯ ಇನ್ನೂ ಹಂಗೇ ಇದ್ದಂಗ ಅನಸ್ತಿತ್ತು.

— ಓಡೋ ದಿನ ರೊಟ್ಟಿ ತಿಂದು ಹೋದಿ?

— ಏ ಇಲ್ಲ, ಒಂದು ಬಾಳೆಹಣ್ಣು, ಚಾ.

— ರೊಟ್ಟಿ ತಿನ್ನಬಾರದು. ಯಾರೇ ಕಟ್ಟಿ ಕೊಟ್ರೂ ತಿನ್ನಬಾರದು.

— ಇಷ್ಟ್ಯಾಕ ಜೋರು ಮಾಡ್ತೀ? ತಿಂದಿಲ್ಲ ಅಂದೆನಲ್ಲ.

ಕೇಳು, ನಾಲ್ಕನೇ ಕಿಲೋಮೀಟರಿನಾಗ ಒಬ್ಬಾಕಿ ಮುದುಕಿ. ತೊಗರಿ ಕೊಯ್ಯಾಕತ್ತಿದ್ದಾಕಿ ಕುಡಗೋಲು ಹೆಗಲಿಗೆ ಏರಿಸಿ ಬದುವಿನ ಮ್ಯಾಲೆ ನಿಂತು ನೋಡ್ತಿದ್ಲು. ಮುಂದ ಹೋದ ಹುಡುಗರ್ನ ಏನೂ ಕೇಳಿಲ್ಲ ಆಕಿ. ನಾ ಸಮೀಪ ಬಂದ ಕೂಡ್ಲೇ, ನನ್ನ ತಲಿ ಬೆಳ್ಳಗಾದದ್ದು ನೋಡಿರ್ಬೇಕು, ‘ಯಾಕ ಓಡ್ತೀಯಪ್ಪಾ? ಏನ್ ಕೊಡ್ತಾರ?’ ಅಂದ್ಲು. ಉಸಿರು ಇರ್ಲಿಲ್ಲ, ‘ಬಾಳೆಹಣ್ಣು’ ಅಂದೆ. ‘ಬಾಳೆಹಣ್ಣ ನಾ ಕೊಡಸ್ತೀನಿ, ಈ ಕಡಿ ಬಾ, ಎರಡು ಸಾಲು ಕೊಯ್ದು ಹೋಗು’ ಅಂದ್ಲು.

— ಆಕಿ ಸುಳ್ಳು ಹೇಳಿಲ್ಲ ನೋಡು.

— ಸುಳ್ಳಲ್ಲ, ಗೊತ್ತದ.

— ಗೊತ್ತಿದ್ರ ಕೇಳು. ನಿಂದು ಪಗಾರದವನ ಓಟ. ಒಂದನೇ ತಾರೀಖಿಗೆ ಖಾತೆಗೆ ಬೀಳ್ತದ, ಅದಕ್ಕ ಕಾಲು ಕೆರೀತದ. ಮೈ ದಣಿಸ್ಲಾಕ ರಸ್ತಿಗೆ ಹೋಗ್ಬೇಕು ನಿನಗ. ನನಗ ಹೊಲಕ್ಕ ಹೋದ್ರ ಸಾಕು. ನಾವು ಓಡೀವಿ, ಆದ್ರ ಕಾರಣ ಇತ್ತು. 2020ರ ಅಕ್ಟೋಬರಿನಾಗ ಭೀಮಾ ಏರಿ ಬಂದಾಗ ಅಫಜಲಪುರ, ಜೇವರ್ಗಿ ಕಡಿ ದಂಡಿ ಮ್ಯಾಲಿನ ಊರವ್ರು ದನ ಬಿಚ್ಚಿ, ಕೂಸು ಎತ್ತಿಕೊಂಡು ಓಡಿದ್ರು. ಓಟ ಅಂದ್ರ ಅದು. ಯಾರೂ ಸೀಟಿ ಊದಿಲ್ಲ, ಯಾರೂ ಟೈಮ್ ಬರಕೊಂಡಿಲ್ಲ.

— ಒಪ್ಪಿದೆ. ನಮ್ಮ ಸೀಮ್ಯಾಗ ಸುಮ್ಮನ ಓಡಿದವ್ರು ಯಾರೂ ಇಲ್ಲ. ಹುಣ್ಣಿಮಿಗೆ ಗಾಣಗಾಪುರಕ್ಕ ನಡಕೊಂಡು ಹೋಗ್ತಾರ, ಆಷಾಢದಾಗ ದಿಂಡಿ ಕೂಡಿ ಪಂಢರಪುರಕ್ಕ ಹೋಗ್ತಾರ. ಅದು ನಡಿಗಿ, ಅದಕ್ಕೂ ಹರಕಿ ಅದ. ಓಡ್ತಿದ್ದವ ಒಬ್ಬನೇ, ಸುದ್ದಿ ಒಯ್ಯೋವ. ‘ಹರಿಕಾರ’ ಅಂತೀವಲ್ಲ, ಅದು ಫಾರಸಿಯ ಹರ್ಕಾರಾ, ಟಪಾಲು ಹೊತ್ತು ಓಡೋವ. ಸಮಾಜದ ಹರಿಕಾರ, ಅಭಿವೃದ್ಧಿಯ ಹರಿಕಾರ ಅಂತ ಈಗ ಬ್ಯಾನರ್ ಹಾಕ್ತಾರ. ಕಾರಿನಿಂದ ಇಳೀಲಾರದವ್ರಿಗೆ ಓಡೋವನ ಹೆಸರು.

— ಅವ್ರೇನಾ ಏಳೂ ಹತ್ತಕ್ಕ ಬಂದವ್ರು?

— ಹೆಸರು ಬ್ಯಾಡ ಬಿಡು. ನಾ ಹೇಳೂದು ಇಷ್ಟ, ಕಾರಣ ಇಲ್ಲದ ಓಟ ಅಂದ್ರ ಶೋಕಿ ಅಂತೀ ನೀ. ಶೋಕಿ ಹೌದು. ನಾಲ್ಕು ಸಾವಿರದ ಬೂಟು ಹಾಕೀನಿ, ಇಲ್ಲ ಅನ್ನಂಗಿಲ್ಲ. ಆದ್ರ ಆ ಬೂಟಿನ ಗತಿ ಕೇಳು. ತಿರುವಿನಾಗ ಒಂದು ಡ್ರಮ್ ಇಟ್ಟು, ಅದರ ಸುತ್ತ ಹಾದು ಬರ್ರಿ ಅಂದಿದ್ರು. ಹಾದು ಬಂದೆ. ಅಷ್ಟರಾಗ ಹಿಂದಿಂದ ಟಪ್ ಟಪ್ ಅಂತ ಸಪ್ಪಳ. ಚಪ್ಪಾಳೆ ಹೊಡದಂಗ. ಯಾರೋ ಹುರಿದುಂಬಿಸ್ಲಾಕತ್ತಾರ ಅಂತ ತಿರುಗಿ ನೋಡಿದ್ರ, ಹದಿನೇಳು ಹದಿನೆಂಟರ ಹುಡುಗ. ಬರಿಗಾಲು. ಎರಡೂ ಕೈಯಾಗ ಒಂದೊಂದು ಹವಾಯಿ ಚಪ್ಪಲಿ.

— ಕೈಯಾಗ?

— ಕೈಯಾಗ. ಅಂಗೈಗೆ ಹಾಕ್ಕೊಂಡಿದ್ದ, ಬಾರು ಬೆರಳ ಸಂದ್ಯಾಗ. ಕೈ ಬೀಸಿದಂಗೆಲ್ಲಾ ಅವು ತೊಡಿಗೆ ಬಡೀತಿದ್ವು. ಅದೇ ಸಪ್ಪಳ. ಕೂಡೇ ಓಡ್ತಾ ಕೇಳಿದೆ, ಅಲ್ಲಿ ಬಿಟ್ಟು ಬರಬೇಕಿಲ್ಲೇನೋ ಅಂತ. ‘ಸುರು ಮಾಡಿದ ಜಾಗದಾಗ ಬಿಟ್ರ ಇರ್ತಾವೇನ್ರಿ ಸರ್? ಹೋದ ವಾರ ತಂದಾವ’ ಅಂದ. ಹಾಕ್ಕೊಂಡು ಓಡಿದ್ರ ಬಾರು ಕಿತ್ತು ಹೋಗ್ತಾವ, ಬಿಟ್ಟು ಓಡಿದ್ರ ಕಳವಾಗ್ತಾವ. ಅದಕ್ಕ ಹತ್ತು ಕಿಲೋಮೀಟರ್ ಹೊತ್ತು ಓಡೋ ಉಪಾಯ. ಅಂಗಾಲು ನೋಡಿದೆ, ಹಿಮ್ಮಡಿ ನೆಲಕ್ಕ ಮುಟ್ಟತಿರ್ಲಿಲ್ಲ. ಮುಂಗಾಲು ಊರಿ, ಹಗೂರಕ ಎತ್ತಿ, ಮತ್ತ ಊರಿ. ಬೂಟು ಹಾಕಿದ ನಾನು ಮಾತ್ರ ಧಪ್ ಧಪ್ ಅಂತ ಹಿಮ್ಮಡಿಲೆ ರಸ್ತಿ ಕುಟ್ತಿದ್ದೆ. ಬರಿಗಾಲಿಲೆ ಬೆಳದವ್ರು ಹಿಂಗೇ ಓಡ್ತಾರ ಅಂತ ಓದಿದ್ದೆ. ಕಣ್ಣಿಲೆ ನೋಡಿದ್ದು ಅವತ್ತೇ.

— ನಿನ್ನ ದಾಟಿ ಹೋದ?

— ಒಂದು ಕಿಲೋಮೀಟರ್ ನನ್ನ ಕೂಡ ಬಂದ, ಮಾತಾಡ್ಲಾಕ. ಆಮ್ಯಾಲೆ ‘ಬರ್ತೀನ್ರಿ ಸರ್’ ಅಂತ ಹೇಳಿ ಹೋದ. ಬರ್ತೀನಿ ಅಂತ ಹೇಳಿ ಹೋಗೋದು ನೋಡು! ಚಪ್ಪಲಿ ಸಪ್ಪಳ ದೂರಾಗೂ ತನಾ ಕೇಳ್ಕೋತ ಓಡಿದೆ. ನನಗ ಆಗ ಬೆಳಗಾವಿಯ ಚೌಗುಲೆ ನೆನಪಾದ್ರು.

— ಯಾವ ಚೌಗುಲೆ?

— ಫಡೆಪ್ಪ ದರೆಪ್ಪ ಚೌಗುಲೆ. ಪುಣೆಯ ಡೆಕ್ಕನ್ ಜಿಮ್ಖಾನಾದ ಆಟೋಟದಾಗ ಬರಿಗಾಲಿಲೆ ಓಡೋ ರೈತರನ್ನ ದೊರಾಬ್ಜಿ ಟಾಟಾ ನೋಡಿದ್ರು. ಇವರನ್ನ ಒಲಿಂಪಿಕ್ಸಿಗೆ ಯಾಕ ಕಳಿಸಬಾರದು ಅಂತ ಪಟ್ಟು ಹಿಡದ್ರು. 1920ರಾಗ ಬೆಲ್ಜಿಯಂ ದೇಶದ ಆಂಟ್ವರ್ಪಿಗೆ ನಮ್ಮ ದೇಶದಿಂದ ತಂಡ ಅಂತ ಹೋದದ್ದು ಅದೇ ಮೊದಲು. ಅದರಾಗ ಚೌಗುಲೆ ಮ್ಯಾರಥಾನ್ ಓಡಿದ್ರು. 2 ತಾಸು 50 ನಿಮಿಷ 45 ಸೆಕೆಂಡು, ಹತ್ತೊಂಬತ್ತನೇ ಸ್ಥಾನ. ಆ ವರ್ಷ ಹಾದಿನೂ ಉದ್ದ, 42.75 ಕಿಲೋಮೀಟರ್. ನೂರು ವರ್ಷದ ಹಿಂದ, ಹಡಗಿನಾಗ ಹೋಗಿ.

— ಆ ಹುಡುಗ ಎಷ್ಟನೇದವ ಬಂದ?

— ಮೂವತ್ತಕ್ಕ ಹತ್ರ ಹತ್ರ. ಅವನಿಗೂ ಬಹುಮಾನ ಇಲ್ಲ. ಮೊದಲನೇದು ಐದು ಸಾವಿರದ ಒಂದು ರೂಪಾಯಿ, ಅದು ಕಲಬುರಗಿಯಿಂದ ಬಂದ ಹುಡುಗನ ಪಾಲು. ಅವ ತಿರುಗಿ ಬರೋವಾಗ ನಾ ಇನ್ನೂ ನಾಲ್ಕನೇ ಕಲ್ಲು ಮುಟ್ಟಿರ್ಲಿಲ್ಲ. ಮಾರಿ ಮ್ಯಾಲೆ ಒಂದು ಹನಿ ಬೆವರಿಲ್ಲ.

— ಹತ್ತು ಕಿಲೋಮೀಟರ್ ಖರೆ ಇತ್ತೇನು? ಯಾರು ಅಳದ್ರು?

— ಅಲ್ಲೇ ಜಗಳ ಆಗಿದ್ದು. ನನ್ನ ಕೈಗಡಿಯಾರ 9.6 ತೋರಿಸ್ತು. ಓಟ ನಡಸಿದ ಸಂಘದ ಹುಡುಗ, ‘ಸರ್, ನಮ್ಮ ಬೈಕಿನ ಮೀಟರಿನಾಗ ಬರೋಬ್ಬರಿ ಹತ್ತು’ ಅಂದ. ದೊಡ್ಡ ಓಟಗಳಿಗೆ ಸೈಕಲ್ ಗಾಲಿಗೆ ಒಂದು ಎಣಿಸೋ ಯಂತ್ರ ಕಟ್ಟಿ, ರಸ್ತಿ ತಿರುವಿನಾಗ ಎಲ್ಲಿಂದ ಹಾದ್ರ ಕಮ್ಮಿ ಆಗ್ತದೋ ಆ ಗೆರೆ ಹಿಡದು ಅಳೀತಾರ. ಮ್ಯಾಲೆ ಕಿಲೋಮೀಟರಿಗೆ ಒಂದು ಮೀಟರ್ ಸೇರಿಸಿ ಕೊಡ್ತಾರ, ಯಾವ ಕಾರಣಕ್ಕೂ ಹಾದಿ ಕಮ್ಮಿ ಬೀಳಬಾರದು ಅಂತ. ಇದನ್ನ ಹೇಳಿದೆ. ಅವ ಎಲ್ಲಾ ಕೇಳಿ, ‘ಸರ್, ನೀವು ನಾಲ್ವತ್ತೊಂದನೇದವ್ರು’ ಅಂದ.

— ಭೇಷ್!

— ಹೌದು, ನಗೂ ಮಾತೇ. ಅದರ ಮ್ಯಾಲೆ ಸರ್ಟಿಫಿಕೇಟಿನಾಗ ನನ್ನ ಹೆಸರಿನ ಮುಂದ ‘ಕುಮಾರ’ ಅಂತ ಹಾಕ್ಯಾರ. ಮನ್ಯಾಗ ಆಕಿ ಅದನ್ನ ಫ್ರೇಮ್ ಹಾಕಸ್ತೀನಿ ಅಂತಾಳ.

— ಕೊನೀಗೆ ಹೆಂಗಿತ್ತು? ಗೆರೆ ಹತ್ರ?

— ಕೊನೀ ಒಂದು ಕಿಲೋಮೀಟರ್ ಬಿಸಲು ಏರಿತ್ತು. ತಡ ಮಾಡಿ ಬಿಟ್ಟದ್ದರ ಫಲ. ಬಾಯಿ ಒಣಗಿ ನಾಲಿಗಿ ಅಂಗಳಕ್ಕ ಅಂಟಿತ್ತು. ಊರ ಬಾಯಾಗ ಸಾಲಿ ಹುಡುಗರು ನಿಂತಿದ್ರು, ‘ಅಂಕಲ್ ಬಂದ್ರು, ಅಂಕಲ್ ಬಂದ್ರು’ ಅಂತ ಕೂಗಿದ್ರು. ಮೈದಾನದಾಗ ರಸ್ತಿಗೆ ಅಡ್ಡ ಸುಣ್ಣದ ಗೆರೆ ಎಳದಿದ್ರು. ನನಗಿಂತ ಮುಂಚೆ ನಾಲ್ವತ್ತು ಮಂದಿ ತುಳದು ತುಳದು ಅದು ಗೆರೆನೇ ಉಳದಿರ್ಲಿಲ್ಲ, ಬೆಳ್ಳನ ಧೂಳು ಅಷ್ಟ. ಒಬ್ಬ ಮೊಬೈಲ್ ನೋಡಿ ಟೈಮ್ ಕೂಗಿದ, ಇನ್ನೊಬ್ಬ ಚೀಟಿ ಕೈಗೆ ಕೊಟ್ಟ. ಒಂದು ಬಾಳೆಹಣ್ಣು, ಪೇಪರಿನಾಗ ಸುಸಲಾ, ಎರಡು ಮಿರ್ಚಿಭಜಿ. ಚಪ್ಪಲಿ ಹುಡುಗ ಅಲ್ಲೇ ಕೂತಿದ್ದ. ಚಪ್ಪಲಿ ಈಗ ಕಾಲಾಗ ಇದ್ವು. ಹಿಮ್ಮಡಿಗೆ ಮಾತ್ರ ಸುಣ್ಣ ಹತ್ತಿತ್ತು.

— ಹತ್ತತದ. ಎರಡು ದಿನ ಹೋಗಂಗಿಲ್ಲ ಅದು, ಬಿರುಕಿನಾಗ ಹೊಕ್ಕರೆ.

— ನೀ...

— ಚಾ ತಣ್ಣಗಾತು, ಕುಡಿ.

— ಕುಡೀತೀನಿ. ನೀ ಯಾವಾಗ ಓಡಿದ್ದಿ?

— ಯಾರು ಅಂದ್ರು ಓಡೀನಿ ಅಂತ?

— ಮೂರನೇ ಸುತ್ತು ಕೊಲ್ಲತದ ಅಂದಿ. ರೊಟ್ಟಿ ತಿನ್ನಬಾರದು ಅಂದಿ. ನಾ ಆಳಂದದಾಗ ಆರು ವರ್ಷ ಮಾಸ್ತರಿಕಿ ಮಾಡಿದಾಗ ದಿನಾ ಸಂಜಿಗೆ ಕೂಡಿ ಕೂತೀವಿ, ಒಂದು ಸಲಾನೂ ಬಾಯಿ ಬಿಟ್ಟಿಲ್ಲಲ್ಲೋ.

— ಹೇಳೋವಂಥದ್ದೇನಿಲ್ಲ ಅದರಾಗ. ಇಪ್ಪತ್ತೆರಡು ವರ್ಷ ಇತ್ತು ನನಗ. ಇದೇ ಕಲಬುರಗ್ಯಾಗ ಓಡಸಿದ್ರು. ಅದಕ್ಕ ಮುಂಚೆ ಏಳು ತಿಂಗಳು ಊರಿಂದ ಹೊಲದ ತನಾ, ಹೊಲದಿಂದ ಊರ ತನಾ, ಎತ್ತು ಬಿಡೋಕಿಂತ ಮುಂಚೆ ಓಡ್ತಿದ್ದೆ. ಟೈಮ್ ನೋಡ್ಲಾಕ ಕಾಕಾನ ಗಡಿಯಾರ. ಬರ್ತಿತ್ತು, ಆರಾಮಾಗಿ ಬರ್ತಿತ್ತು.

— ಮತ್ತ?

— ಅವ್ವ ನಸುಕಿನ ಮೂರಕ್ಕ ಎದ್ದು ರೊಟ್ಟಿ ಬಡದಿದ್ಲು. ಜ್ವಾಳದ ರೊಟ್ಟಿ, ಬೆಣ್ಣಿ, ಶೇಂಗಾ ಹಿಂಡಿ, ಬಟ್ಟ್ಯಾಗ ಕಟ್ಟಿ. ಹಸಕೊಂಡು ಓಡಬ್ಯಾಡ, ಶಕ್ತಿ ಬರ್ತದ ಅಂದ್ಲು. ಮೈದಾನದ ಹೊರಗ ಕೂತು ಒಂದೂವರಿ ರೊಟ್ಟಿ ತಿಂದೆ. ಎರಡನೇದು ಪೂರ್ತಿ ತಿನ್ನೋದ್ರಾಗ ನಂಬರ್ ಕೂಗಿದ್ರು. ಮೂರನೇ ಸುತ್ತಿನಾಗ ಇಲ್ಲಿ, ಪಕ್ಕಡಿ ಕೆಳಗ, ಚಾಕು ಹಾಕಿ ತಿರುವಿದಂಗಾತು. ನಿಂದ್ರಲಿಲ್ಲ ನಾ. ನನ್ನ ಮುಂದ ಒಬ್ಬ ಬರಿಗಾಲಿನವ ಇದ್ದ, ಅವನ ಹಿಮ್ಮಡಿನೇ ನೋಡ್ಕೋತ ಓಡಿದೆ. ಅವ ಗೆರೆ ತುಳದ, ಹಿಮ್ಮಡಿಗೆ ಸುಣ್ಣ ಹತ್ತಿತು. ಆಮ್ಯಾಲೆ ನಾ ತುಳದೆ. ಅವ ಪಾಸ್.

— ಎಷ್ಟಕ್ಕ ತಪ್ಪಿತು?

— ನಾಲ್ಕು ಸೆಕೆಂಡಿಗೆ.

— ರೊಟ್ಟಿಯಿಂದಾನೇ ಅಂತ ಹೆಂಗ ಹೇಳ್ತೀ? ಮೊದಲ ಸುತ್ತು ಜೋರು ಓಡಿರ್ಬೇಕು.

— ಓಡಿರ್ಬೇಕು. ಜೋಡಿಗಿದ್ದವ್ರೆಲ್ಲಾ ಹೋದ್ರು, ನಾನೂ ಹೋದೆ. ಎರಡರಾಗ ಯಾವುದು ಅಂತ ತೊಗರಿಗೆ ನೀರು ಬಿಡೋವಾಗ ಎಷ್ಟೋ ಸಲ ಲೆಕ್ಕಾ ಹಾಕೀನಿ.

— ಮನೀಗೆ ಹೋಗಿ ಅವ್ವಗ ಏನಂದಿ?

— ಎತ್ತರ ಕಮ್ಮಿ ಬಿತ್ತು ಅಂದೆ.

— ಎತ್ತರಾ? ಆರಡಿ ಇದ್ದೀಯಲ್ಲೋ!

— ಅದಕ್ಕೇ ಆಕಿ ಮತ್ತೊಂದು ಮಾತು ಕೇಳ್ಲಿಲ್ಲ.